ಡಾ. ಮ್ಯಾಗ್ನಸ್ ಹಿರ್ಷ್‌ಫೆಲ್ಡ್: ಕಾನೂನಿನೊಡನೆ ಒಬ್ಬ ವೈದ್ಯನ ವಾದ

ಹೆಸರು, ವಯಸ್ಸು, ಲಿಂಗ. ಬ್ಯಾಂಕಿನಲ್ಲಿ ಖಾತೆ ತೆರೆಯುವ ಅರ್ಜಿಯಿರಲಿ, ಪಡಿತರ ಚೀಟಿಯ ಅರ್ಜಿಯಿರಲಿ, ರೈಲು ಪ್ರಯಾಣಕ್ಕೆ ಮುಂಗಡ ಟಿಕೆಟು ಕಾದಿರಿಸುವ ನಮೂನೆಯಿರಲಿ, ಈ ಮೂರು ಅಂಕಣಗಳು ತಪ್ಪಿದ್ದಲ್ಲ. ಮೊದಲೆರಡರಲ್ಲಿ ಅಕ್ಷರ ತಪ್ಪುವುದುಂಟು, ತಾರೀಖು ತಪ್ಪುವುದುಂಟು. ಮೂರನೆಯದನ್ನು ಮಾತ್ರ ನಾವು ಯೋಚಿಸದೆಯೇ ತುಂಬಿಬಿಡುತ್ತೇವೆ. ಬ್ಯಾಂಕಿನ ಕೌಂಟರಿನ ಹಿಂದೆ ಬಹುಕಾಲ ಕಳೆದ ನಮಗೂ ಆ ಅಂಕಣದ ಬಗ್ಗೆ ಯಾವ ಜಿಜ್ಞಾಸೆಯೂ ಇರಲಿಲ್ಲ. 2015ರ ಏಪ್ರಿಲ್ ತಿಂಗಳಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳ ಅರ್ಜಿನಮೂನೆಗಳಲ್ಲಿ ತೃತೀಯ ಲಿಂಗವೆಂಬ ಮತ್ತೊಂದು ಆಯ್ಕೆಯನ್ನು ಸೇರಿಸಬೇಕೆಂದು ಸುತ್ತೋಲೆ ಹೊರಡಿಸಿತು. ಅದನ್ನು ಓದಿ ಕಡತಕ್ಕೆ ಸೇರಿಸಿದ ದಿನ, ಆ ಒಂದು ಚಿಕ್ಕ ಚೌಕದ ಹಿಂದೆ ಎಷ್ಟು ದೀರ್ಘವಾದ ಇತಿಹಾಸವಿದೆಯೆಂಬ ಕಲ್ಪನೆ ನಮಗಿರಲಿಲ್ಲ.

ಆ ಇತಿಹಾಸದ ಜಾಡು ಹಿಡಿದು ಹೋದರೆ ಎದುರಾಗುವ ಮೊದಲ ಹೆಸರುಗಳಲ್ಲಿ ಒಂದು, ಜರ್ಮನಿಯ ವೈದ್ಯ ಡಾ. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅವರದು. ಮನೆಮಂದಿಯೆಲ್ಲ ಓದುವ ಪುಟದಲ್ಲಿ ಈ ವಿಷಯವೇಕೆ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಇದು ಮೂಲತಃ ಮನೆಮಂದಿಯ ವಿಷಯವೇ ಆಗಿದೆ. ಒಂದು ಮನೆಯಲ್ಲಿ ಹುಟ್ಟಿದ ಮಗು ಉಳಿದವರಂತಿಲ್ಲವೆಂದು ತಿಳಿದಾಗ ಆ ಮನೆಯೂ, ಆ ಊರೂ, ಆ ದೇಶದ ಕಾನೂನೂ ಏನು ಮಾಡಬೇಕೆಂಬುದು ಹಿರ್ಷ್‌ಫೆಲ್ಡರು ಜೀವಮಾನವಿಡೀ ಕೇಳಿಕೊಂಡ ಪ್ರಶ್ನೆ. ಅವರು ಕೊಟ್ಟ ಉತ್ತರಗಳಲ್ಲಿ ಸರಿಯೂ ಇತ್ತು, ತಪ್ಪೂ ಇತ್ತು. ಎರಡನ್ನೂ ಅರಿಯುವುದು ಲೇಸು.

ಮ್ಯಾಗ್ನಸ್ ಹಿರ್ಷ್‌ಫೆಲ್ಡರು 1868ರ ಮೇ 14ರಂದು ಬಾಲ್ಟಿಕ್ ಸಮುದ್ರ ತೀರದ ಕೋಲ್ಬರ್ಗ್ ಎಂಬ ಊರಿನಲ್ಲಿ ಜನಿಸಿದರು. ಅಂದು ಪ್ರಷ್ಯಾಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ತಂದೆ ಹರ್ಮನ್ ಹಿರ್ಷ್‌ಫೆಲ್ಡರು ಯೆಹೂದಿ ಮನೆತನದ ವೈದ್ಯರು. ಊರವರ ಪ್ರೀತ್ಯಾದರಗಳಿಗೆ ಪಾತ್ರರಾಗಿದ್ದವರು. ಅವರ ನೆನಪಿಗೆ ಊರಿನಲ್ಲಿ ಸ್ಮಾರಕವನ್ನು ನಿಲ್ಲಿಸಲಾಗಿತ್ತು. ಮಗ ಮೊದಲು ಭಾಷಾಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದರೂ ಬೇಗನೆ ತಂದೆಯ ದಾರಿಗೆ ಹೊರಳಿ, ಸ್ಟ್ರಾಸ್‌ಬರ್ಗ್, ಮ್ಯೂನಿಕ್, ಹೈಡೆಲ್‌ಬರ್ಗ್ ಮತ್ತು ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1892ರಲ್ಲಿ ಪದವಿ ಪಡೆದರು. ಅಮೆರಿಕೆಯನ್ನು ಸುತ್ತಿ ಬಂದು 1894ರಲ್ಲಿ ಮಾಗ್ಡೆಬರ್ಗಿನಲ್ಲಿ ವೃತ್ತಿಯನ್ನು ಆರಂಭಿಸಿದರು. ಎರಡು ವರ್ಷಗಳ ತರುವಾಯ ಬರ್ಲಿನ್ನಿಗೆ ಹೊಂದಿಕೊಂಡಿದ್ದ ಷಾರ್ಲೊಟೆನ್‌ಬರ್ಗಿಗೆ ಬಂದು ನೆಲೆಸಿದರು.

ಅವರ ಬದುಕಿನ ದಿಕ್ಕನ್ನು ಬದಲಿಸಿದ್ದು ಒಂದು ಸಾವು. ಅವರಿಂದ ಚಿಕಿತ್ಸೆ ಪಡೆಯುತ್ತಿದ್ದ ತರುಣ ಸೈನ್ಯಾಧಿಕಾರಿಯೊಬ್ಬನು ತನ್ನ ಮದುವೆಯ ಹಿಂದಿನ ದಿನ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟನು. ಹೆಂಗಸರ ಕಡೆಗೆ ಮನಸ್ಸು ಹೋಗದ ಅವನು ಅದನ್ನು ತಂದೆತಾಯಿಗಳ ಬಳಿ ಬಾಯಿಬಿಟ್ಟು ಹೇಳಲಾರದೆ, ವಿವಾಹವನ್ನು ಬೇಡವೆನ್ನಲೂ ಆರದೆ ಆ ದಾರಿ ಹಿಡಿದಿದ್ದನು. ಸಾಯುವ ಮುನ್ನ ವೈದ್ಯರಿಗೆ ಬರೆದ ಪತ್ರದಲ್ಲಿ, ತನ್ನ ಕಥೆಯನ್ನು ಲೋಕಕ್ಕೆ ತಿಳಿಸಿದರೆ ಮುಂದಿನವರಿಗಾದರೂ ಉಪಕಾರವಾದೀತೆಂದು ಕೇಳಿಕೊಂಡಿದ್ದನು. ಅದೇ ಸುಮಾರಿಗೆ, 1895ರಲ್ಲಿ, ಲಂಡನ್ನಿನಲ್ಲಿ ಸಾಹಿತಿ ಆಸ್ಕರ್ ವೈಲ್ಡ್‌ಗೆ ಇದೇ ಬಗೆಯ ಆರೋಪದ ಮೇಲೆ ಎರಡು ವರ್ಷಗಳ ಕಠಿಣ ಸಜೆಯಾಗಿತ್ತು. ಈ ಎರಡು ಘಟನೆಗಳಿಂದ ಕಲಕಿದ ಹಿರ್ಷ್‌ಫೆಲ್ಡರು 1896ರಲ್ಲಿ ಸ್ಯಾಫೊ ಮತ್ತು ಸಾಕ್ರಟಿಸ್ ಎಂಬ ಕಿರುಹೊತ್ತಗೆಯನ್ನು ಕಾವ್ಯನಾಮದಲ್ಲಿ ಪ್ರಕಟಿಸಿದರು. ಸ್ವಲಿಂಗದವರ ಕಡೆಗಿನ ಒಲವು ಹುಟ್ಟಿನಿಂದ ಬಂದದ್ದು, ನಿಸರ್ಗಸಹಜವಾದದ್ದು, ಅದನ್ನು ಅಪರಾಧವೆಂದು ದಂಡಿಸುವುದು ಅನ್ಯಾಯವೆಂಬುದು ಅದರ ತಿರುಳು.

ಅಂದಿನ ಜರ್ಮನಿಯ ಕಾನೂನಾದರೂ ಎಂಥದು? 1871ರ ದಂಡಸಂಹಿತೆಯ 175ನೆಯ ಕಲಂ ಗಂಡಸರ ನಡುವಿನ ಸಂಬಂಧವನ್ನು ಸೆರೆವಾಸಕ್ಕೆ ಅರ್ಹವಾದ ಅಪರಾಧವೆಂದು ಸಾರುತ್ತಿತ್ತು. ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, 1860ರಲ್ಲಿ, ಆಂಗ್ಲರು ಭಾರತೀಯ ದಂಡಸಂಹಿತೆಯ 377ನೆಯ ಕಲಮನ್ನು ಬರೆದಿಟ್ಟಿದ್ದರು. ಜರ್ಮನಿಯಲ್ಲಿ 175ನೆಯ ಕಲಂ ರೂಪುಗೊಂಡ ಅದೇ 1871ರಲ್ಲಿ ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಅದರ ಎರಡನೆಯ ಭಾಗವು ಹಿಜಡಾ ಸಮುದಾಯದವರ ಹೆಸರುಗಳನ್ನು ಪೊಲೀಸರ ಪಟ್ಟಿಯಲ್ಲಿ ದಾಖಲಿಸುವುದಕ್ಕೂ, ಅವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ಶಿಕ್ಷಿಸುವುದಕ್ಕೂ ಅವಕಾಶ ಕೊಟ್ಟಿತು. ಎರಡು ದೂರದ ದೇಶಗಳಲ್ಲಿ ಒಂದೇ ವರ್ಷ ಒಂದೇ ಬಗೆಯ ಭಯವು ಕಾನೂನಿನ ರೂಪ ತಾಳಿತೆನ್ನಬಹುದು.

1897ರ ಮೇ ತಿಂಗಳಲ್ಲಿ ಹಿರ್ಷ್‌ಫೆಲ್ಡರು ಪ್ರಕಾಶಕ ಮ್ಯಾಕ್ಸ್ ಸ್ಪೋರ್ ಮೊದಲಾದ ಮೂವರು ಸಂಗಡಿಗರೊಡನೆ ತಮ್ಮ ಮನೆಯಲ್ಲಿಯೇ ವೈಜ್ಞಾನಿಕ ಮಾನವೀಯ ಸಮಿತಿಯನ್ನು ಸ್ಥಾಪಿಸಿದರು. ಇಂಥ ಹಕ್ಕುಗಳಿಗಾಗಿ ಲೋಕದಲ್ಲಿ ಹುಟ್ಟಿದ ಮೊತ್ತಮೊದಲ ಸಂಘಟನೆಯೆಂಬ ಹೆಗ್ಗಳಿಕೆ ಅದರದು. ವಿಜ್ಞಾನದ ಮೂಲಕ ನ್ಯಾಯದೆಡೆಗೆ ಎಂಬುದು ಸಮಿತಿಯ ಧ್ಯೇಯ. 175ನೆಯ ಕಲಮನ್ನು ತೆಗೆದುಹಾಕಬೇಕೆಂದು ಸಂಸತ್ತಿಗೆ ಸಲ್ಲಿಸುವ ಮನವಿಗೆ ಅವರು ಸಹಿ ಸಂಗ್ರಹಕ್ಕೆ ತೊಡಗಿದರು. 1898ರಲ್ಲಿ ಸಮಾಜವಾದಿ ನಾಯಕ ಆಗಸ್ಟ್ ಬೇಬೆಲರು ಸಂಸತ್ತಿನಲ್ಲಿ ಅದರ ಪರವಾಗಿ ಎದ್ದು ನಿಂತರು. ಉಳಿದವರು ಗದ್ದಲವೆಬ್ಬಿಸಿ ಅದನ್ನು ತಳ್ಳಿಹಾಕಿದರು. ಹಿರ್ಷ್‌ಫೆಲ್ಡರು ಕೈಚೆಲ್ಲಲಿಲ್ಲ. ವರ್ಷಗಳು ಉರುಳಿದಂತೆ ಆ ಮನವಿಗೆ ಸಾವಿರಾರು ಗಣ್ಯರ ಸಹಿ ಬಿತ್ತು. ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್, ಸಾಹಿತಿಗಳಾದ ಥಾಮಸ್ ಮಾನ್ ಮತ್ತು ಹರ್ಮನ್ ಹೆಸ್ಸೆ, ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರಲ್ಲಿ ಕೆಲವರು.

ಅಂಕಿಅಂಶಗಳ ಮೇಲೆ ಅವರಿಗೆ ಅಪಾರ ವಿಶ್ವಾಸ. ಅಜ್ಞಾನದಿಂದಲೇ ಅನ್ಯಾಯ ಹುಟ್ಟುವುದರಿಂದ, ಎಣಿಸಿ ತೋರಿಸಿದರೆ ನ್ಯಾಯಾಧೀಶರೂ ಒಪ್ಪಿಯಾರು ಎಂಬುದು ಅವರ ನಂಬಿಕೆ. 1903 ಮತ್ತು 1904ರಲ್ಲಿ ಷಾರ್ಲೊಟೆನ್‌ಬರ್ಗಿನ ತಾಂತ್ರಿಕ ವಿದ್ಯಾಲಯದ ಸುಮಾರು ಮೂರು ಸಾವಿರ ವಿದ್ಯಾರ್ಥಿಗಳಿಗೂ, ಬಳಿಕ ಬರ್ಲಿನ್ನಿನ ಲೋಹ ಕಾರ್ಮಿಕರಿಗೂ ಪ್ರಶ್ನಾವಳಿಯನ್ನು ಕಳುಹಿಸಿ, ಅವರ ಒಲವು ಯಾರ ಕಡೆಗೆಂದು ಹೆಸರಿಲ್ಲದೆ ಬರೆದು ತಿಳಿಸುವಂತೆ ಕೋರಿದರು. ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು ಮಂದಿ ಸ್ವಲಿಂಗದವರ ಕಡೆಗೆ ಒಲವುಳ್ಳವರೆಂಬ ಲೆಕ್ಕ ಅದರಿಂದ ದೊರೆಯಿತು. ಅದರ ಜೊತೆಗೇ ಕೆಲವು ವಿದ್ಯಾರ್ಥಿಗಳು ತಮಗೆ ಅವಮಾನವಾಯಿತೆಂದು ದಾವೆ ಹೂಡಿ, ವೈದ್ಯರು 200 ಮಾರ್ಕ್ ದಂಡ ತೆರಬೇಕಾಯಿತು.

ಅವರ ಸಿದ್ಧಾಂತವೂ ಲೆಕ್ಕದ ಮೇಲೆಯೇ ನಿಂತದ್ದು. ಪೂರ್ಣ ಗಂಡು, ಪೂರ್ಣ ಹೆಣ್ಣು ಎಂಬುವು ಕಲ್ಪನೆಯ ಎರಡು ತುದಿಗಳು. ಪ್ರತಿಯೊಬ್ಬ ಮನುಷ್ಯನೂ ಅವುಗಳ ನಡುವೆ ಎಲ್ಲಿಯೋ ನಿಂತಿರುತ್ತಾನೆ ಎಂಬುದು ಅವರ ಪ್ರತಿಪಾದನೆ. ದೇಹರಚನೆ, ಮನೋಧರ್ಮ, ಒಲವು ಮುಂತಾದ ಹದಿನಾರು ಅಂಶಗಳನ್ನು ಹೆಸರಿಸಿ, ಪ್ರತಿಯೊಂದೂ ಗಂಡು, ಹೆಣ್ಣು ಅಥವಾ ಮಿಶ್ರವಾಗಿರಬಹುದೆಂದು ಇಟ್ಟುಕೊಂಡು, 4,30,46,721 ಬಗೆಯ ಮನುಷ್ಯರು ಸಾಧ್ಯವೆಂದು ಅವರು ಗುಣಿಸಿ ತೋರಿಸಿದರು. ಹದಿನಾರು ಮೂರುಗಳನ್ನು ಗುಣಿಸಿ ನಾವೂ ತಾಳೆ ನೋಡಿದೆವು, ಲೆಕ್ಕ ಸರಿಯಾಗಿದೆ. ನಾಲ್ಕು ಕೋಟಿಗೂ ಮೇಲ್ಪಟ್ಟ ಬಗೆಗಳನ್ನು ಎರಡು ಚೌಕಗಳಲ್ಲಿ ತುರುಕುವ ಕಾನೂನು ಸೋಲಲೇಬೇಕೆಂಬುದು ಅದರ ಇಂಗಿತ.

ಆದರೆ ಶಾಸ್ತ್ರದ ಮೇಲಿನ ಇದೇ ವಿಶ್ವಾಸ ಅವರನ್ನು ಒಮ್ಮೆ ದೊಡ್ಡದಾಗಿ ಎಡವಿಸಿತು. 1907ರಲ್ಲಿ ಪತ್ರಕರ್ತ ಮ್ಯಾಕ್ಸಿಮಿಲಿಯನ್ ಹಾರ್ಡನ್, ಕೈಸರನ ಆಪ್ತವಲಯದಲ್ಲಿದ್ದ ಕೌಂಟ್ ಕುನೊ ಫಾನ್ ಮೋಲ್ಟ್‌ಕೆ ಸಲಿಂಗಕಾಮಿಯೆಂದು ಸೂಚಿಸಿ ಬರೆದನು. ಮೋಲ್ಟ್‌ಕೆ ಮಾನನಷ್ಟದ ಮೊಕದ್ದಮೆ ಹೂಡಿದನು. ತಜ್ಞ ಸಾಕ್ಷಿಯಾಗಿ ಕರೆಬಂದ ಹಿರ್ಷ್‌ಫೆಲ್ಡರು, ವಿಚ್ಛೇದಿತ ಪತ್ನಿಯ ಹೇಳಿಕೆಯನ್ನೂ ನ್ಯಾಯಾಲಯದಲ್ಲಿ ಆ ವ್ಯಕ್ತಿಯ ನಡೆನುಡಿಯನ್ನೂ ಆಧರಿಸಿ, ಅವನ ಒಲವು ಅಂಥದೇ ಎಂದು ಸಾಕ್ಷ್ಯ ನುಡಿದರು. ದೊಡ್ಡವರಲ್ಲಿಯೂ ಇಂಥವರಿದ್ದಾರೆಂದು ತಿಳಿದರೆ ಕಾನೂನಿನ ಪೊಳ್ಳುತನ ಬಯಲಾದೀತೆಂಬ ಎಣಿಕೆ ಅವರಿಗಿದ್ದಿರಬೇಕು. ಹಾರ್ಡನ್ ಬಿಡುಗಡೆಯಾದನು. ಆದರೆ ಆ ತೀರ್ಪು ರದ್ದಾಗಿ ಮರುವಿಚಾರಣೆ ನಡೆದಾಗ ಹಿರ್ಷ್‌ಫೆಲ್ಡರು ತಮ್ಮ ಮೊದಲಿನ ಅಭಿಪ್ರಾಯವನ್ನು ಹಿಂತೆಗೆದುಕೊಂಡರು. 1908ರ ಜನವರಿಯಲ್ಲಿ ಹಾರ್ಡನ್‌ಗೆ ನಾಲ್ಕು ತಿಂಗಳ ಸಜೆಯಾಯಿತು. ವೈದ್ಯರ ಮಾತಿಗಿದ್ದ ಬೆಲೆ ಕುಸಿಯಿತು. ಸಮಿತಿಗೆ ಹಣ ಕೊಡುತ್ತಿದ್ದ ಸಿರಿವಂತರು, ನಾಳೆ ನಮ್ಮ ಗುಟ್ಟೂ ಕಟಕಟೆ ಏರೀತೆಂದು ಹಿಂಜರಿದರು. ಯೆಹೂದಿಗಳನ್ನು ದ್ವೇಷಿಸುವವರಿಗಂತೂ ಹಬ್ಬವಾಯಿತು.

ಈ ಪ್ರಸಂಗವನ್ನು ಅವರ ಅಭಿಮಾನಿಗಳು ಬೇಗನೆ ದಾಟಿಹೋಗುತ್ತಾರೆ. ನಮಗೆ ಮಾತ್ರ ಇಲ್ಲಿ ನಿಲ್ಲಬೇಕೆನಿಸುತ್ತದೆ. ಸಾಯುವ ಮುನ್ನ ಆ ತರುಣ ಅಧಿಕಾರಿ ತನ್ನ ಗುಟ್ಟನ್ನು ತಾನಾಗಿ ಒಪ್ಪಿಸಿದ್ದನು. ಮೋಲ್ಟ್‌ಕೆ ಏನನ್ನೂ ಒಪ್ಪಿಸಿರಲಿಲ್ಲ. ಒಬ್ಬ ಮನುಷ್ಯನ ಅಂತರಂಗವನ್ನು ಅವನ ಇಚ್ಛೆಗೆ ವಿರುದ್ಧವಾಗಿ ಹೊರಗಿನವರು ಹೆಸರಿಟ್ಟು ಸಾರಿದಾಗ, ಸಾರುವವರು ಹಿತೈಷಿಗಳಾದರೂ ಫಲ ಒಂದೇ. ತಮ್ಮ ಸ್ವಂತ ಒಲವಿನ ಬಗ್ಗೆ ಹಿರ್ಷ್‌ಫೆಲ್ಡರು ಬಹಿರಂಗವಾಗಿ ಎಂದೂ ಮಾತಾಡಲಿಲ್ಲವೆಂಬುದನ್ನು ನೆನೆದರೆ ಈ ಪ್ರಸಂಗ ಇನ್ನಷ್ಟು ನೋಯಿಸುತ್ತದೆ.

ಮುಂದಿನ ವರ್ಷಗಳಲ್ಲಿ ಅವರು ನಡೆಸಿದ ಕೆಲಸ ಇದಕ್ಕಿಂತ ಮೌನದ್ದು, ಆದರೆ ಇದಕ್ಕಿಂತ ಬಾಳಿಕೆಯದು. ಗಂಡಾಗಿ ಹುಟ್ಟಿ ಹೆಣ್ಣುಡುಗೆಯಲ್ಲಿ, ಹೆಣ್ಣಾಗಿ ಹುಟ್ಟಿ ಗಂಡುಡುಗೆಯಲ್ಲಿ ಬಾಳಬಯಸುವವರು ಅವರ ಬಳಿಗೆ ಬರತೊಡಗಿದ್ದರು. ಇವರೆಲ್ಲ ಸಲಿಂಗಕಾಮಿಗಳೆಂದೇ ಅಂದಿನ ವೈದ್ಯರ ತಿಳಿವಳಿಕೆ. ಹಿರ್ಷ್‌ಫೆಲ್ಡರು 1910ರಲ್ಲಿ ಪ್ರಕಟಿಸಿದ ಬೃಹದ್ ಗ್ರಂಥದಲ್ಲಿ, ಯಾರನ್ನು ಒಲಿಯುತ್ತೇವೆ ಎಂಬುದು ಬೇರೆ, ತಾನು ಯಾರೆಂದು ಅರಿಯುತ್ತೇವೆ ಎಂಬುದು ಬೇರೆ ಎಂದು ವಿಂಗಡಿಸಿ ತೋರಿಸಿದರು. ಇಂದು ಲಿಂಗತ್ವದ ಅಸ್ಮಿತೆಯೆಂದು ನಾವು ಕರೆಯುವ ವಿಚಾರದ ಬೀಜ ಅಲ್ಲಿದೆ.

ಈ ಜನರ ಪಾಡು ವಿಚಿತ್ರವಾಗಿತ್ತು. ಗಂಡುಡುಗೆ ತೊಟ್ಟ ಹೆಂಗಸನ್ನು ಪೊಲೀಸರು ಸಾರ್ವಜನಿಕ ನೆಮ್ಮದಿ ಕೆಡಿಸಿದಳೆಂದು ಹಿಡಿಯುತ್ತಿದ್ದರು. ಅವಳು ಕೆಲಸ ಹುಡುಕಿದರೆ ಕಾಗದಪತ್ರದಲ್ಲಿ ಒಂದು ಹೆಸರು, ಕಣ್ಣೆದುರಿಗೆ ಬೇರೊಂದು ರೂಪ. ಗುರುತಿನ ಚೀಟಿಯೊಡನೆ ಮುಖವನ್ನು ತಾಳೆ ನೋಡುವುದೇ ಕಸುಬಾದ ನಮ್ಮಂಥವರಿಗೆ ಈ ತೊಡಕು ಅರ್ಥವಾಗದ್ದಲ್ಲ. 1909ರ ಸುಮಾರಿಗೆ ಹಿರ್ಷ್‌ಫೆಲ್ಡರು ಬರ್ಲಿನ್ನಿನ ಪೊಲೀಸರೊಡನೆ ಮಾತುಕತೆ ನಡೆಸಿ ಒಂದು ಉಪಾಯ ಕಂಡುಹಿಡಿದರು. ವೈದ್ಯರು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು; ಅದರ ಆಧಾರದ ಮೇಲೆ, ಈ ವ್ಯಕ್ತಿ ಇಂಥ ಉಡುಗೆ ತೊಡುವುದು ನಮಗೆ ತಿಳಿದಿದೆಯೆಂದು ಪೊಲೀಸರು ಒಂದು ಚೀಟಿ ಕೊಡುವುದು. ಅದು ಕಿಸೆಯಲ್ಲಿದ್ದರೆ ಬೀದಿಯಲ್ಲಿ ತಡೆದು ನಿಲ್ಲಿಸಿದಾಗ ತೋರಿಸಿ ಪಾರಾಗಬಹುದಾಗಿತ್ತು. 1920ರ ದಶಕದಲ್ಲಿ, ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ ಅಲೆಕ್ಸ್, ಟೋನಿಯಂಥ ಹೆಸರುಗಳಿಗೆ ಬದಲಾಯಿಸಿಕೊಳ್ಳಲು ಸರಕಾರದ ಅನುಮತಿಯೂ ದೊರೆಯಿತು.

ಒಂದು ಕಾಗದದ ಚೂರು ಒಬ್ಬರ ಬಾಳನ್ನು ಎಷ್ಟು ಹಗುರ ಮಾಡಬಲ್ಲುದೆಂಬುದಕ್ಕೆ ಇದು ನಿದರ್ಶನ. ಆದರೆ ಅದರ ಇನ್ನೊಂದು ಮುಖವನ್ನೂ ಕಾಣಬೇಕು. ಆ ಚೀಟಿ ಹಕ್ಕಲ್ಲ, ವಿನಾಯತಿ. ವೈದ್ಯರು ಹೌದೆಂದರೆ ಉಂಟು, ಇಲ್ಲವೆಂದರೆ ಇಲ್ಲ. ಪೊಲೀಸರ ದಾಖಲೆಯಲ್ಲಿ ಹೆಸರು ಸೇರಿಹೋಗುವುದಂತೂ ನಿಶ್ಚಯ. ಸರಕಾರ ಬದಲಾದ ದಿನ ಆ ಪಟ್ಟಿ ಯಾರ ಕೈಗೆ ಸಿಕ್ಕೀತೆಂದು ಅಂದು ಯಾರೂ ಊಹಿಸಿರಲಿಲ್ಲ.

ಮೊದಲ ಮಹಾಯುದ್ಧ ಮುಗಿದು ಜರ್ಮನಿ ಗಣರಾಜ್ಯವಾದಾಗ ಹಿರ್ಷ್‌ಫೆಲ್ಡರ ಕನಸಿಗೆ ಕಾಲ ಕೂಡಿಬಂತು. 1919ರ ಜುಲೈ 6ರಂದು ಬರ್ಲಿನ್ನಿನ ಟಿಯರ್‌ಗಾರ್ಟನ್ ಪ್ರದೇಶದ ಭವ್ಯ ಕಟ್ಟಡವೊಂದರಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆ ಆರಂಭವಾಯಿತು. ಗ್ರಂಥಾಲಯ, ವಸ್ತುಸಂಗ್ರಹಾಲಯ, ಚಿಕಿತ್ಸಾಲಯ, ಉಪನ್ಯಾಸ ಮಂದಿರ ಎಲ್ಲವೂ ಅಲ್ಲಿದ್ದವು. ಮದುವೆಯಾಗಲಿರುವವರಿಗೆ ಸಲಹೆ, ಸಂತಾನ ನಿಯಂತ್ರಣದ ಮಾಹಿತಿ, ಗುಹ್ಯರೋಗಗಳ ಚಿಕಿತ್ಸೆ, ಬಡವರಿಗೆ ಉಚಿತ ಸೇವೆ ಇವೆಲ್ಲ ನಡೆಯುತ್ತಿದ್ದವು. ಸಂಜೆಯ ಸಭೆಗಳಲ್ಲಿ ಯಾರು ಬೇಕಾದರೂ ಹೆಸರಿಲ್ಲದೆ ಪ್ರಶ್ನೆ ಬರೆದು ಪೆಟ್ಟಿಗೆಯಲ್ಲಿ ಹಾಕಬಹುದಾಗಿತ್ತು. ವೈದ್ಯರು ಎಲ್ಲರೆದುರು ಉತ್ತರಿಸುತ್ತಿದ್ದರು. ಅದೇ ವರ್ಷ ರಿಚರ್ಡ್ ಓಸ್ವಾಲ್ಡರು ನಿರ್ದೇಶಿಸಿದ, 175ನೆಯ ಕಲಮಿನ ಕ್ರೌರ್ಯವನ್ನು ಎತ್ತಿತೋರುವ ಚಲನಚಿತ್ರದ ರಚನೆಯಲ್ಲಿಯೂ ಹಿರ್ಷ್‌ಫೆಲ್ಡರು ಕೈಜೋಡಿಸಿ, ತೆರೆಯ ಮೇಲೆ ವೈದ್ಯನಾಗಿಯೇ ಕಾಣಿಸಿಕೊಂಡರು. ಮರುವರ್ಷವೇ ಅದರ ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧ ಬಿತ್ತು.

ವೈರಿಗಳೂ ಸುಮ್ಮನಿರಲಿಲ್ಲ. 1920ರ ಅಕ್ಟೋಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಉಪನ್ಯಾಸ ಮುಗಿಸಿ ಹೊರಟ ಹಿರ್ಷ್‌ಫೆಲ್ಡರನ್ನು ಗುಂಪೊಂದು ಹೊಡೆದು, ಸತ್ತರೆಂದು ಬೀದಿಯಲ್ಲಿ ಬಿಟ್ಟುಹೋಯಿತು. ಪತ್ರಿಕೆಗಳಲ್ಲಿ ಮರಣವಾರ್ತೆಯೂ ಅಚ್ಚಾಯಿತು. ತಮ್ಮ ಸಾವಿನ ಸುದ್ದಿಯನ್ನು ತಾವೇ ಓದುವ ಯೋಗ ಅವರದಾಯಿತು. ಚೇತರಿಸಿಕೊಂಡು ಅವರು ಮತ್ತೆ ಕೆಲಸಕ್ಕೆ ಮರಳಿದರು.

ಆ ಸಂಸ್ಥೆಯಲ್ಲಿ ನೆಲೆ ಕಂಡವರಲ್ಲಿ ಡೋರಾ ರಿಕ್ಟರ್ ಎಂಬವರ ಕಥೆಯನ್ನು ಹೇಳಲೇಬೇಕು. 1892ರಲ್ಲಿ ಬೊಹೆಮಿಯಾದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಗಂಡುಮಗುವೆಂದು ದಾಖಲಾಗಿ ಹುಟ್ಟಿದ ಡೋರಾ ಚಿಕ್ಕಂದಿನಿಂದಲೂ ತಾನು ಹೆಣ್ಣೆಂದೇ ಬಗೆದವರು. ಬೇರೆಡೆ ಕೆಲಸ ಸಿಗದ ಅವರಿಗೆ ಸಂಸ್ಥೆಯಲ್ಲಿ ಮನೆಗೆಲಸ ದೊರೆಯಿತು. 1922ರಲ್ಲಿ ಆರಂಭವಾಗಿ 1931ರಲ್ಲಿ ಪೂರ್ಣಗೊಂಡ ಶಸ್ತ್ರಚಿಕಿತ್ಸೆಗಳ ಮೂಲಕ ಅವರು ದೇಹದಿಂದಲೂ ಹೆಣ್ಣಾದರು. ಇಂಥ ಪೂರ್ಣ ಚಿಕಿತ್ಸೆ ಪಡೆದ ಮೊದಲಿಗರಲ್ಲಿ ಅವರು ಒಬ್ಬರೆಂದು ವೈದ್ಯಕೀಯ ಇತಿಹಾಸ ಗುರುತಿಸುತ್ತದೆ. ಡೆನ್ಮಾರ್ಕಿನ ಚಿತ್ರಕಲಾವಿದೆ ಲಿಲಿ ಎಲ್ಬೆ 1930ರಲ್ಲಿ ಬಂದದ್ದೂ ಇದೇ ಬರ್ಲಿನ್ನಿಗೆ. ಮರುವರ್ಷ ಡ್ರೆಸ್ಡೆನ್ನಿನಲ್ಲಿ ನಡೆದ ಶಸ್ತ್ರಚಿಕಿತ್ಸೆಯ ಬಳಿಕ ಆಕೆ ಅಸುನೀಗಿದರು.

ಹಿರ್ಷ್‌ಫೆಲ್ಡರ ದೋಷಗಳನ್ನು ಮರೆಮಾಚುವುದು ತರವಲ್ಲ. ಸಂತಾನದ ಗುಣವನ್ನು ವಿಜ್ಞಾನದಿಂದ ತಿದ್ದಬಹುದೆಂಬ ಸುಸಂತಾನಶಾಸ್ತ್ರವನ್ನು ಆ ಕಾಲದ ಅನೇಕ ಸುಧಾರಕರಂತೆ ಅವರೂ ನಂಬಿದ್ದರು. ವೃಷಣಗಳ ಕಸಿಯಿಂದ ಒಲವನ್ನು ಬದಲಿಸಬಹುದೆಂಬ ವಿಯೆನ್ನಾದ ವೈದ್ಯರ ಪ್ರಯೋಗಕ್ಕೆ ಕೆಲಕಾಲ ಮರುಳಾಗಿ, ರೋಗಿಗಳನ್ನು ಅದಕ್ಕೆ ಕಳುಹಿಸಿದ್ದೂ ಉಂಟು, ಅದು ವಿಫಲವಾಯಿತು. ಹುಟ್ಟಿನಿಂದ ಬಂದದ್ದು ಅಪರಾಧವಲ್ಲವೆಂದು ಸಾರಿದವರೇ ಅದನ್ನು ಬದಲಿಸುವ ಪ್ರಯೋಗಕ್ಕೆ ಕೈಹಾಕಿದ್ದು ವಿಪರ್ಯಾಸ. ಅಳೆಯುವ ಕೋಲು ತನ್ನ ಕೈಯಲ್ಲಿರುವಾಗ ಅದು ತಪ್ಪಬಹುದೆಂಬ ಅನುಮಾನ ಸುಲಭವಾಗಿ ಬರುವುದಿಲ್ಲ.

1929ರ ಅಕ್ಟೋಬರ್ 16ರಂದು ಅವರ ಮೂವತ್ತೆರಡು ವರ್ಷಗಳ ಹೋರಾಟ ಗುರಿಯ ಸಮೀಪಕ್ಕೆ ಬಂತು. 175ನೆಯ ಕಲಮನ್ನು ಕೈಬಿಡಬೇಕೆಂದು ಸಂಸತ್ತಿನ ಸಮಿತಿಯೊಂದು 15ಕ್ಕೆ 13 ಮತಗಳಿಂದ ತೀರ್ಮಾನಿಸಿತು. ಆದರೆ ಪೂರ್ಣ ಸಂಸತ್ತು ಅದನ್ನು ಅಂಗೀಕರಿಸುವ ಮೊದಲೇ ಆರ್ಥಿಕ ಕುಸಿತವೂ ರಾಜಕೀಯ ಗೊಂದಲವೂ ದೇಶವನ್ನು ಆವರಿಸಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾಜಿಗಳ ಬೆದರಿಕೆ ಹೆಚ್ಚುತ್ತಿದ್ದಾಗ, 1930ರ ಕೊನೆಯಲ್ಲಿ, ಹಿರ್ಷ್‌ಫೆಲ್ಡರು ಉಪನ್ಯಾಸಗಳಿಗಾಗಿ ಅಮೆರಿಕೆಗೆ ತೆರಳಿದರು. ಅಲ್ಲಿಂದ ಜಪಾನ್, ಚೀನಾ, ಜಾವಾ, ಸಿಂಹಳಗಳ ಮೂಲಕ 1931ರಲ್ಲಿ ನಮ್ಮ ದೇಶಕ್ಕೂ ಬಂದರು. ಶಾಂಘೈಯಲ್ಲಿ ಪರಿಚಯವಾದ ಲಿ ಷಿಯು ತೋಂಗ್ ಎಂಬ ತರುಣ ವೈದ್ಯವಿದ್ಯಾರ್ಥಿ ಅವರೊಡನಿದ್ದರು. ಭಾರತದ ಹಲವು ನಗರಗಳನ್ನು ಸಂದರ್ಶಿಸಿ, ಅಲಹಾಬಾದಿನಲ್ಲಿ ಜವಾಹರಲಾಲ್ ನೆಹರೂ ಅವರನ್ನು ಕಂಡರು. ಕ್ಯಾಥರಿನ್ ಮೇಯೊ ಎಂಬ ಅಮೆರಿಕದ ಲೇಖಕಿ 1927ರಲ್ಲಿ ಭಾರತೀಯರ ಸಂಸಾರ ಜೀವನವನ್ನು ಹೀಗಳೆದು ಬರೆದ ಗ್ರಂಥವನ್ನು ಅವರು ಒಪ್ಪಲಿಲ್ಲ. ಭಾರತದ ಸ್ವಾತಂತ್ರ್ಯದ ಬಯಕೆಗೆ ತಮ್ಮ ಸಹಾನುಭೂತಿಯನ್ನು ಪ್ರವಾಸ ಗ್ರಂಥದಲ್ಲಿ ದಾಖಲಿಸಿದರು. ಅದೇ ಕಾಲದಲ್ಲಿ ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆಯವರು ಸಮಾಜಸ್ವಾಸ್ಥ್ಯವೆಂಬ ಮರಾಠಿ ಮಾಸಿಕದಲ್ಲಿ ಇಂಥವೇ ವಿಷಯಗಳನ್ನು ಬರೆದು ಅಶ್ಲೀಲತೆಯ ಮೊಕದ್ದಮೆಗಳನ್ನು ಎದುರಿಸುತ್ತಿದ್ದರು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರರು. ಬರ್ಲಿನ್ನಿನ ಪ್ರಶ್ನೆ ಮುಂಬಯಿಯ ಪ್ರಶ್ನೆಯೂ ಆಗಿತ್ತೆಂಬುದಕ್ಕೆ ಇಷ್ಟು ಸಾಕು.

ಹಿರ್ಷ್‌ಫೆಲ್ಡರು ಮತ್ತೆ ಜರ್ಮನಿಯ ನೆಲವನ್ನು ಮೆಟ್ಟಲಿಲ್ಲ. 1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಮೇ 6ರಂದು ವಿದ್ಯಾರ್ಥಿಗಳ ದಂಡೊಂದು ವಾದ್ಯಮೇಳದೊಡನೆ ಬಂದು ಸಂಸ್ಥೆಗೆ ನುಗ್ಗಿತು. ಹಿಂದೆಯೇ ನಾಜಿ ಪಡೆ ಬಂತು. ಹತ್ತು ಸಾವಿರಕ್ಕೂ ಮಿಕ್ಕ ಗ್ರಂಥಗಳು, ಚಿತ್ರಗಳು, ದಾಖಲೆಗಳು ಲೂಟಿಯಾದವು. ಮೇ 10ರ ರಾತ್ರಿ ಬರ್ಲಿನ್ನಿನ ಆಪೆರಾ ಚೌಕದಲ್ಲಿ ಹೊತ್ತಿಸಿದ ಬೆಂಕಿಗೆ ಅವು ಆಹುತಿಯಾದವು. ಹಿರ್ಷ್‌ಫೆಲ್ಡರ ಪ್ರತಿಮೆಯ ತಲೆಯನ್ನು ಕೋಲಿಗೆ ಸಿಕ್ಕಿಸಿ ಮೆರವಣಿಗೆ ಮಾಡಲಾಯಿತು. ಪುಸ್ತಕ ದಹನದ ಆ ಛಾಯಾಚಿತ್ರಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅಲ್ಲಿ ಉರಿಯುತ್ತಿದ್ದುದರಲ್ಲಿ ಈ ಗ್ರಂಥಾಲಯವೂ ಇತ್ತೆಂಬುದು ಹೆಚ್ಚಿನವರಿಗೆ ತಿಳಿಯದು. ಪ್ಯಾರಿಸ್ಸಿನ ಸಿನಿಮಾ ಮಂದಿರವೊಂದರಲ್ಲಿ ವಾರ್ತಾಚಿತ್ರ ನೋಡುತ್ತಾ ಕುಳಿತಿದ್ದ ಹಿರ್ಷ್‌ಫೆಲ್ಡರು ತಮ್ಮ ಜೀವಮಾನದ ದುಡಿಮೆ ಬೂದಿಯಾಗುವುದನ್ನು ತೆರೆಯ ಮೇಲೆ ಕಂಡರು. 1935ರ ಮೇ 14ರಂದು, ತಮ್ಮ ಅರವತ್ತೇಳನೆಯ ಹುಟ್ಟುಹಬ್ಬದ ದಿನವೇ, ಫ್ರಾನ್ಸಿನ ನೀಸ್ ನಗರದಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಅಲ್ಲಿಯೇ ಇದೆ.

ಅದೇ 1935ರಲ್ಲಿ ನಾಜಿ ಸರಕಾರ 175ನೆಯ ಕಲಮನ್ನು ಇನ್ನಷ್ಟು ಕಠಿಣಗೊಳಿಸಿತು. ಸುಮಾರು 50,000 ಮಂದಿ ಶಿಕ್ಷೆಗೊಳಗಾದರು. ಸಾವಿರಾರು ಮಂದಿ ಎದೆಯ ಮೇಲೆ ಗುಲಾಬಿ ತ್ರಿಕೋನ ಹೊತ್ತು ಯಾತನಾ ಶಿಬಿರ ಸೇರಿದರು. ಹಿಟ್ಲರನು ಅಳಿದ ಮೇಲೂ ಪಶ್ಚಿಮ ಜರ್ಮನಿ ಆ ಕಠಿಣ ರೂಪವನ್ನೇ 1969ರವರೆಗೆ ಇಟ್ಟುಕೊಂಡಿತು. ಕಲಂ ಪೂರ್ಣವಾಗಿ ಅಳಿದದ್ದು 1994ರಲ್ಲಿ. ಯುದ್ಧಾನಂತರ ಶಿಕ್ಷೆಗೊಳಗಾದವರ ಮೇಲಿನ ಕಳಂಕವನ್ನು 2017ರಲ್ಲಿ ಕಾನೂನು ತೊಡೆಯಿತು. ತಾನು ಯಾರೆಂಬುದನ್ನು ವ್ಯಕ್ತಿಯೇ ನೋಂದಣಿ ಕಚೇರಿಯಲ್ಲಿ ಘೋಷಿಸಿಕೊಳ್ಳಬಹುದೆಂಬ ಕಾಯ್ದೆ ಅಲ್ಲಿ ಜಾರಿಗೆ ಬಂದದ್ದು 2024ರ ನವೆಂಬರ್ 1ರಂದು. ಬರ್ಲಿನ್ನಿನ ಪೊಲೀಸ್ ಚೀಟಿಯಿಂದ ಅಲ್ಲಿಗೆ ನೂರಾಹದಿನೈದು ವರ್ಷಗಳ ದಾರಿ.

ಡೋರಾ ರಿಕ್ಟರ್ 1933ರ ದಾಳಿಯಲ್ಲಿಯೇ ಮಡಿದರೆಂದು ಬಹುಕಾಲ ನಂಬಲಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿ ಬೇರೆಯೇ ಸತ್ಯವನ್ನು ಕಂಡರು. ಆಕೆ ಹುಟ್ಟೂರಿನ ಕಡೆಗೆ ಮರಳಿ, 1934ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಡೋರಾ ಎಂಬ ಹೆಸರನ್ನು ಕಾನೂನುಬದ್ಧವಾಗಿ ಪಡೆದು, 1966ರಲ್ಲಿ ಬವೇರಿಯಾದ ಆಲರ್ಸ್‌ಬರ್ಗ್ ಎಂಬ ಊರಿನಲ್ಲಿ ತೀರಿಕೊಂಡಿದ್ದರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತಮ್ಮದೇ ಹೆಸರಿನಲ್ಲಿ ಬಾಳಿದ್ದರು. ಗ್ರಂಥಾಲಯ ಉರಿದುಹೋಯಿತು, ಅದು ಯಾರಿಗಾಗಿ ಕಟ್ಟಲ್ಪಟ್ಟಿತ್ತೋ ಅವರಲ್ಲೊಬ್ಬರು ಬದುಕುಳಿದರು.

ನಮ್ಮ ದೇಶದ ಹಾದಿಯೂ ಏರಿಳಿತದ್ದೇ. 377ನೆಯ ಕಲಂ ಕುರಿತು 2009ರಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯ ಕೊಟ್ಟ ತೀರ್ಪನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಸರ್ವೋಚ್ಚ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. 2014ರಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿ, ತನ್ನ ಲಿಂಗತ್ವವನ್ನು ನಿರ್ಧರಿಸುವ ಹಕ್ಕು ವ್ಯಕ್ತಿಯದೇ ಎಂದು ನ್ಯಾಯಾಲಯ ಸಾರಿತ್ತು. 2019ರ ಕಾಯ್ದೆ ಮತ್ತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನು ನಡುವೆ ತಂದಿತು. ಅದರ ಸುತ್ತ ವಾದವಿವಾದ ಎದ್ದಿತು. ಕರ್ನಾಟಕವು 2021ರಲ್ಲಿ ಸರಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ನೂರಕ್ಕೆ ಒಂದರಷ್ಟು ಮೀಸಲಾತಿ ನೀಡಿ ದೇಶಕ್ಕೆ ಮೇಲ್ಪಂಕ್ತಿ ಹಾಕಿತು. ಅದೇ ವರ್ಷ ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದ್ದನ್ನು ಹೊರನಾಡ ಕನ್ನಡಿಗರಾದ ನಾವೆಲ್ಲ ಹೆಮ್ಮೆಯಿಂದ ಕಂಡೆವು. ಯಲ್ಲಮ್ಮನ ಪರಂಪರೆಯಲ್ಲಿ ಜೋಗಪ್ಪಂದಿರನ್ನೂ ಜೋಗತಿಯರನ್ನೂ ಕಂಡು ಬೆಳೆದ ನಾಡಿಗೆ ಈ ಜನ ಹೊಸಬರಲ್ಲ. ಅವರಿಗೆ ಕೈಮುಗಿದು ಪಡ್ಡಲಗಿಗೆ ಕಾಸು ಹಾಕಿದ ನಾವು, ಅವರಿಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿದೆವು ಎಂಬುದೂ ಅಷ್ಟೇ ನಿಜ.

ಎಣಿಸಿ ತೋರಿಸಿದರೆ ಲೋಕ ನ್ಯಾಯ ಕೊಡುತ್ತದೆಂದು ಹಿರ್ಷ್‌ಫೆಲ್ಡರು ನಂಬಿದ್ದರು. ಲೋಕ ಅವರ ಎಣಿಕೆಯನ್ನೆಲ್ಲ ಸುಟ್ಟಿತು. ಆದರೂ ಅವರು ಸೋತರೆನ್ನಲಾಗದು. ತಜ್ಞನ ಪ್ರಮಾಣಪತ್ರಕ್ಕಿಂತ ಮುಂಚೆ ಆ ತರುಣ ಅಧಿಕಾರಿಯ ಪತ್ರವನ್ನು ಅವರು ಗಮನವಿಟ್ಟು ಓದಿದ್ದರು; ಅಲ್ಲಿಂದಲೇ ಎಲ್ಲವೂ ಹೊರಟಿತು. ಅಳೆಯಲು ಹೋದಾಗ ಅವರು ಎಡವಿದರು, ಕಿವಿಗೊಟ್ಟಾಗ ಎಡವಲಿಲ್ಲ ಎಂದು ಅವರ ಬದುಕನ್ನು ಸಂಗ್ರಹಿಸಿ ಹೇಳಬಹುದೆಂದು ನಮಗೆ ತೋರುತ್ತದೆ. ನಮ್ಮ ಮನೆಗಳಲ್ಲಿ ಒಂದು ಮಗು ಏನನ್ನೋ ಹೇಳಲು ಬಂದು ತಡವರಿಸಿದಾಗ ವೈದ್ಯರೂ ನ್ಯಾಯಾಲಯವೂ ಆಮೇಲಿನ ಮಾತು. ಮೊದಲು ಬೇಕಾದದ್ದು ಪೂರ್ತಿಯಾಗಿ ಕೇಳಿಸಿಕೊಳ್ಳುವ ತಾಳ್ಮೆ.

ಇನ್ನು ಮುಂದೆ ಯಾವುದಾದರೊಂದು ಅರ್ಜಿಯ ಮೂರನೆಯ ಅಂಕಣದ ಮುಂದೆ ನಮ್ಮ ಲೇಖನಿ ಬಂದಾಗ, ಅಲ್ಲಿ ಸೇರಿರುವ ಆ ಇನ್ನೊಂದು ಚೌಕವನ್ನು ಒಂದು ಕ್ಷಣ ನೋಡೋಣ. ಅದಕ್ಕಾಗಿ ದುಡಿದು ದೇಶಭ್ರಷ್ಟರಾಗಿ ಮಡಿದ ಆ ವೈದ್ಯರಿಗೆ ಅಷ್ಟು ಗೌರವ ಸಲ್ಲಬೇಕು.